ಗುಜರಿಗೆ ಹೊರಟಿದ್ದ ದೆವ್ವಗಳು

ಹಳೇ ಕಾರುಗಳ ಕರೆಂಟು ರಿಪೇರಿ ಮಾಡುವವನಿಗೆ ವರ್ಷಕ್ಕೆ ನಾಲ್ಕಾದರೂ ದೆವ್ವ ಗಂಟುಬೀಳುತ್ತವೆ. ಹೊಸ ಕಾರುಗಳಿಗೆ ಕಂಪ್ಯೂಟರ್ ಇದೆ, ತಮ್ಮ ಕಾಯಿಲೆಯನ್ನು ತಾವೇ ಹೇಳಿಕೊಳ್ಳುತ್ತವೆ. ಅಂಬಾಸಿಡರ್, ಫಿಯಟ್, ಹಳೇ ಜೀಪುಗಳಿಗೆ ಆ ಬಾಯಿಲ್ಲ. ಅವು ಇದ್ದಕ್ಕಿದ್ದಂತೆ ನಿಲ್ಲುತ್ತವೆ, ಮುಟ್ಟದೆ ಕೂಗುತ್ತವೆ, ಯಾರೂ ಇಲ್ಲದಾಗ ನಡುಗುತ್ತವೆ. ಮಾಲೀಕರು ಒಂದು ವಾರ ನೋಡಿ, ಇದರಲ್ಲಿ ಏನೋ ಸೇರಿಕೊಂಡಿದೆ ಎಂದು ತೀರ್ಮಾನ ಮಾಡುತ್ತಾರೆ. ಎರಡನೇ ವಾರ ಕಾರು ಗುಜರಿಗೆ ಹೋಗುತ್ತದೆ.

ನನ್ನ ಅಂಗಡಿ ಚಿತ್ರದುರ್ಗದಲ್ಲಿ, ಸಂಜೆಯಾದರೆ ಕೋಟೆಯ ಬಂಡೆಗಳ ನೆರಳು ಬಂದು ಬೀಳುವ ರಸ್ತೆಯಲ್ಲಿದೆ. ಸುತ್ತಲಿನ ತಾಲ್ಲೂಕುಗಳಲ್ಲಿ ಇಂಥ ಕಾರುಗಳು ಇನ್ನು ಬೆರಳೆಣಿಕೆಯಷ್ಟು ಉಳಿದಿವೆ. ಒಂದೊಂದು ಗುಜರಿಗೆ ಹೋದಾಗಲೂ ನನಗೆ ಮನೆಯವರು ಹೋದಷ್ಟೇ ಸಂಕಟವಾಗುತ್ತದೆ. ಅದಕ್ಕೇ ಫೋನ್ ಬಂದ ತಕ್ಷಣ ಓಡುತ್ತೇನೆ. ಹೋಗಿ, ದೆವ್ವ ಇಲ್ಲ, ವೈರು ಇದೆ ಎಂದು ತೋರಿಸಿ ಬರುವುದು ನನ್ನ ಕಸುಬು. 'ಆ ಮನುಷ್ಯ ದೆವ್ವ ಇಲ್ಲ ಅಂದ್ರೆ ಇಲ್ಲ' ಎಂದು ಹೊಳಲ್ಕೆರೆಯಿಂದ ಹಿರಿಯೂರಿನವರೆಗೆ ಹೆಸರು ಮಾಡಿದ್ದೇನೆ. ನನಗೆ ದೆವ್ವ ಅಂದರೆ ಬಹಳ ಹೆದರಿಕೆ ಎನ್ನುವುದನ್ನು ಇದುವರೆಗೆ ಯಾರಿಗೂ ಹೇಳಿರಲಿಲ್ಲ.

೧. ಕೀಲಿ ಕೈಯಲ್ಲಿತ್ತು

ಇದು ನಮ್ಮ ದುರ್ಗದಲ್ಲೇ ಆಗಿದ್ದು. ಬಟ್ಟೆ ಅಂಗಡಿಯ ಯಜಮಾನರೊಬ್ಬರ ಹಳೇ ಫಿಯಟ್. ಕೀಲಿ ತಿರುಗಿಸಿ ತೆಗೆದುಕೊಂಡ ಮೇಲೂ ಇಂಜಿನ್ ನಿಲ್ಲುತ್ತಿಲ್ಲ ಎಂದು ಫೋನ್ ಮಾಡಿದರು. ನಾನು ಹೋದಾಗ ಅವರು ಆಗತಾನೆ ಬ್ಯಾಂಕಿನಿಂದ ಬಂದು ಕಾರು ನಿಲ್ಲಿಸಿದ್ದರು. ಮನೆ ಮೆಟ್ಟಿಲ ಮೇಲೆ ನಿಂತು, ಸತ್ತ ಇಲಿಯನ್ನು ಹಿಡಿದ ಹಾಗೆ ಕೀಲಿಯನ್ನು ಮೈಯಿಂದ ದೂರ ಹಿಡಿದಿದ್ದರು.

ಕಾರಿನಲ್ಲಿ ಯಾರೂ ಇರಲಿಲ್ಲ. ಆದರೂ ಅದು ಢಬ್, ಢಬ್ ಎಂದು ಮೈಯೆಲ್ಲ ಅಲುಗಾಡಿಸುತ್ತಾ ನಿಂತಿತ್ತು. ಹಾಗೇ ನಾಲ್ಕೈದು ಸಲ ಕೆಮ್ಮಿ, ಕೊನೆಗೊಂದು ಉದ್ದ ಉಸಿರು ಬಿಟ್ಟು ಸುಮ್ಮನಾಯಿತು. ರಸ್ತೆಯೆಲ್ಲ ನಿಶ್ಶಬ್ದವಾಯಿತು. ಆಗ ಹಿಂದಿನ ಸೀಟಿನ ಬಾಗಿಲು ಕಟ್ ಎಂದು ಬಿಚ್ಚಿಕೊಂಡು ನಿಧಾನವಾಗಿ ತೆರೆಯಿತು.

"ಇಳುದ್ರು ನೋಡ್ರಿ" ಎಂದರು ಯಜಮಾನರು ಮೆಲ್ಲಗೆ.

ನಾನು ಆಗಲೇ ಅವರ ಹಿಂದಿನ ಮೆಟ್ಟಿಲು ಹತ್ತಿದ್ದೆ. ಕಸುಬಿನ ಮರ್ಯಾದೆಗೆ ಮುಂದೆ ಹೋಗಿ ಬಾಗಿಲು ನೋಡಿದೆ. ಚಿಲಕ ಸವೆದು ಹೋಗಿತ್ತು, ಅಲುಗಾಟಕ್ಕೆ ಬಿಚ್ಚಿಕೊಂಡಿತ್ತು. ಇನ್ನು ಇಂಜಿನ್ನಿನ ವಿಷಯ. ಕಿಡಿ ಹೊಡೆಯಬೇಕಾದ ಹೊತ್ತನ್ನು, ಅಂದರೆ ಟೈಮಿಂಗನ್ನು, ಯಾರೋ ತಪ್ಪಾಗಿ ಕೂರಿಸಿದ್ದರು. ಕಿಡಿ ತಡವಾಗಿ ಬಿದ್ದು ಬಿದ್ದು ಒಳಗೆಲ್ಲ ಬಿಸಿ ಏರಿ, ಮಸಿ ಗಟ್ಟಿ ಕಟ್ಟಿಕೊಂಡು ಕೆಂಪಗೆ ಕಾಯುತ್ತಿತ್ತು. ಒಲೆ ಆರಿಸಿದ ಮೇಲೂ ಕೆಂಡ ಉಳಿದ ಹಾಗೆ. ಕೀಲಿ ತೆಗೆದರೆ ಕರೆಂಟು ನಿಲ್ಲುತ್ತದೆ, ಆದರೆ ಆ ಕೆಂಡಕ್ಕೆ ಪೆಟ್ರೋಲ್ ತಗುಲಿ ಇಂಜಿನ್ ತನ್ನಷ್ಟಕ್ಕೆ ಓಡುತ್ತಿತ್ತು.

ಮಸಿ ಕೆರೆದು ತೆಗೆದು ಟೈಮಿಂಗ್ ಸರಿ ಮಾಡಿದೆ. ಕೀಲಿ ತಿರುಗಿಸಿದ ಕೂಡಲೇ ಕಾರು ಒಂದೇ ಏಟಿಗೆ ನಿಂತಿತು. ಗುಜರಿಗೆ ಕೊಡುವ ಮಾತೂ ಅಲ್ಲಿಗೇ ನಿಂತಿತು. ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡ ಯಜಮಾನರ ಹೆಂಡತಿ ನನ್ನನ್ನು ಪಕ್ಕಕ್ಕೆ ಕರೆದರು.

"ನಮ್ಮೋರೂ ಹಂಗೇ ಕಣ್ರಿ. ಜಗಳ ಮುಗುದು ಅರ್ಧ ಗಂಟೆ ಆದ್ರೂ ಒಳಗೇ ಗುರ್ ಅಂತಿರ್ತಾರೆ. ಹೆಂಗೂ ಬಂದಿದೀರಿ, ಇವ್ರ ಟೈಮಿಂಗೂ ಒಂದೀಟು ನೋಡಿ ಹೋಗ್ರಿ."

೨. ಸೋಮವಾರ ಸತ್ತು ಮಂಗಳವಾರ ಏಳುವುದು

ಹೊಳಲ್ಕೆರೆಯ ಅಕ್ಕಿ ಗಿರಣಿಯವರ ಅಂಬಾಸಿಡರ್ ಸೋಮವಾರ ಮಾತ್ರ ಸ್ಟಾರ್ಟ್ ಆಗುತ್ತಿರಲಿಲ್ಲ. ಉಳಿದ ಆರು ದಿನ ಕುದುರೆ. ಸೋಮವಾರ ಬಂತೆಂದರೆ ಹೆಣ. ಅವರು ಮಂಗಳವಾರ ನನ್ನ ಅಂಗಡಿಗೆ ತಂದು ನಿಲ್ಲಿಸುತ್ತಿದ್ದರು, ನಾನು ನೋಡುತ್ತಿದ್ದೆ, ಏನೂ ಇರುತ್ತಿರಲಿಲ್ಲ. ಮೂರು ಸಲ ಹೀಗಾಯಿತು. ಮೂರನೇ ಸಲ ಗಿರಣಿಯವರು ಮುಖ ಸಪ್ಪಗೆ ಮಾಡಿಕೊಂಡು, "ಇದನ್ನ ಕೊಂಡಿದ್ದೂ ಸೋಮವಾರ, ಮಾರಿದ ಪುಣ್ಯಾತ್ಮ ತೀರಿಕೊಂಡಿದ್ದೂ ಸೋಮವಾರನೇ ಅಂತೆ. ಮುಂದಿನ ವಾರ ಗುಜರಿಯೋನಿಗೆ ಹೇಳಿದೀನಿ" ಎಂದರು.

ನನಗೆ ತಡೆಯಲಿಲ್ಲ. ಸೋಮವಾರ ನಾನೇ ಹೋದೆ. ಕಾರು ಗಿರಣಿಯ ಹಿಂದಿನ ಗೋದಾಮಿನಲ್ಲಿತ್ತು. ಹಗಲು ಹತ್ತು ಗಂಟೆಯಾದರೂ ಒಳಗೆ ಕತ್ತಲು, ಎಲ್ಲೆಲ್ಲೂ ತೌಡಿನ ಧೂಳು. ಬಾನೆಟ್ ಎತ್ತಿದೆ. ಗೋದಾಮಿನ ಬಾಗಿಲು ಪೂರ್ತಿ ಮುಚ್ಚಿಸಿ, ಗಿರಣಿಯವರಿಗೆ ಸ್ಟಾರ್ಟ್ ಹೊಡೆಯಲು ಹೇಳಿ, ಇಂಜಿನ್ನಿನ ಮೇಲೆ ಬಗ್ಗಿ ನೋಡಿದೆ. ಕಿಡಿ ಎಲ್ಲಿಂದಾದರೂ ಸೋರುತ್ತಿದ್ದರೆ ಕತ್ತಲಲ್ಲೇ ಕಾಣುವುದು.

ಕಂಡಿತು. ಡಿಸ್ಟ್ರಿಬ್ಯೂಟರ್ ಎಂದು ಒಂದು ಕಪ್ಪು ಬಟ್ಟಲು ಇರುತ್ತದೆ, ನಾಲ್ಕು ಪ್ಲಗ್ಗಿಗೂ ಕಿಡಿ ಹಂಚುವುದು ಅದೇ. ಆ ಬಟ್ಟಲಿನ ಮೇಲೆ ಅಡ್ಡಡ್ಡ ಮೂರು ನೀಲಿ ಗೆರೆ ಹೊಳೆದು ಆರಿದವು. ಮತ್ತೆ ಹೊಳೆದವು. ಕತ್ತಲಲ್ಲಿ ಒಂದು ಹಣೆ ನನ್ನನ್ನೇ ನೋಡುತ್ತಿದೆ ಅನ್ನಿಸಿತು. ನಾನು ಹಿಂದೆ ಸರಿದ ರಭಸಕ್ಕೆ ಬಾನೆಟ್ ತಲೆಗೆ ಬಡಿಯಿತು.

ಬಾಗಿಲು ತೆಗೆಸಿ ನೋಡಿದರೆ ವಿಭೂತಿ. ಗಿರಣಿಯವರ ತಾಯಿ ಪ್ರತಿ ಸೋಮವಾರ ಬೆಳಿಗ್ಗೆ ಬಾನೆಟ್ ಎತ್ತಿಸಿ, ಇಂಜಿನ್ನಿಗೆ ನೀರು ಪ್ರೋಕ್ಷಣೆ ಮಾಡಿ, ಒದ್ದೆ ವಿಭೂತಿಯನ್ನು ಮೂರು ಬೆರಳಲ್ಲಿ ಎಳೆಯುತ್ತಿದ್ದರು. ಇಂಜಿನ್ನಿನಲ್ಲಿ ದುಂಡಗೆ, ಎತ್ತರಕ್ಕೆ, ತಲೆಯ ಹಾಗೆ ಕಾಣುವುದು ಆ ಬಟ್ಟಲೊಂದೇ. ಕಿಡಿ ಪ್ಲಗ್ಗಿಗೆ ಹೋಗುವುದನ್ನು ಬಿಟ್ಟು ಆ ಒದ್ದೆ ಗೆರೆಗಳ ಮೇಲೆ ಹರಿದಾಡುತ್ತಿತ್ತು. ಮಂಗಳವಾರದ ಹೊತ್ತಿಗೆ ಒಣಗಿ ಉದುರಿ ಎಲ್ಲ ಸರಿಹೋಗುತ್ತಿತ್ತು.

ಅಜ್ಜಿಗೆ ವಿವರಿಸಿದೆ. "ವಿಭೂತಿ ಬಾನೆಟ್ ಮೇಲೆ ಹಚ್ರಿ ಅಮ್ಮ, ಒಳಗೆ ಬ್ಯಾಡ" ಎಂದೆ.

"ರುಮಾಲಿನ ಮೇಲೆ ಹಚ್ಚಿದ್ರೆ ಹಣೆಗೆ ಹಚ್ಚಿದಂಗಾಗ್ತದೇನಪ್ಪ?" ಎಂದು ಅಜ್ಜಿ ಕೇಳಿದರು. ಅರ್ಧ ಗಂಟೆ ಚೌಕಾಸಿಯಾದ ಮೇಲೆ ಏರ್‌ ಫಿಲ್ಟರಿನ ಡಬ್ಬಿಗೆ ಒಪ್ಪಿಕೊಂಡರು. ಅದೂ ದುಂಡಗಿದೆ.

ಮುಂದಿನ ಸೋಮವಾರ ಗಿರಣಿಯವರ ಫೋನ್ ಬಂತು. ದನಿಯಲ್ಲಿ ಸಂತೋಷವೇ ಇರಲಿಲ್ಲ.

"ಸ್ಟಾರ್ಟ್ ಆಗಲಿಲ್ವ?" ಎಂದೆ.

"ಒಂದೇ ಸೆಲ್ಫ್ ಹೊಡೆತಕ್ಕೆ ಆತು. ಅದೇ ಈಗ ಕಷ್ಟ. ಬೀಗರು ಪ್ರತಿ ಸೋಮವಾರ ಊಟಕ್ಕೆ ಬರ್ರಿ ಅಂತಾರೆ. ಇಷ್ಟು ದಿನ ಕಾರು ಕೈಕೊಡ್ತಿತ್ತು. ಇನ್ ಮೇಲೆ ಏನ್ ಹೇಳ್ಲಿ ನೀವೇ ಹೇಳ್ರಿ."

೩. ಹುಣಸೆಮರದ ಹತ್ತಿರ

ಹಿರಿಯೂರಿನ ಕಡೆ ಕಂಟ್ರಾಕ್ಟರೊಬ್ಬರ ಹತ್ತಿರ ಹಳೇ ಪೆಟ್ರೋಲ್ ಜೀಪು ಇತ್ತು. ಮನೆಯಿಂದ ಹೊರಟು ಡ್ಯಾಮಿನ ರಸ್ತೆ ಹಿಡಿದರೆ ಒಂದು ಹುಣಸೆಮರದ ಎದುರಿಗೆ ಸರಿಯಾಗಿ ನಿಂತುಬಿಡುತ್ತಿತ್ತು. ಮುಂದೂ ಇಲ್ಲ, ಹಿಂದೂ ಇಲ್ಲ. ಅವರು ಇಳಿದು, ಊದುಬತ್ತಿ ಹಚ್ಚಿ, ತೆಂಗಿನಕಾಯಿ ಒಡೆದು, ಕೈಮುಗಿದು ಬಂದು ಕೂತರೆ ಸ್ಟಾರ್ಟ್ ಆಗುತ್ತಿತ್ತು. ಹೀಗೆ ಆರು ತಿಂಗಳಾಗಿತ್ತು. ಅವರ ಮನೆಯಲ್ಲಿ ಜೀಪು ತೆಗೆದುಹಾಕಿ ಎಂದು ಹೆಂಡತಿ ಹಟ ಹಿಡಿದಿದ್ದರು.

ನಾನೂ ಜೊತೆಗೆ ಕೂತೆ. ದೂರದ ಗುಡ್ಡದ ಮೇಲೆ ಗಾಳಿಯಂತ್ರಗಳು ಸದ್ದಿಲ್ಲದೆ ತಿರುಗುತ್ತಿದ್ದವು. ಮರ ಕಂಡ ಕೂಡಲೇ ಕಂಟ್ರಾಕ್ಟರು ಮಾತು ನಿಲ್ಲಿಸಿದರು. ಜೀಪೂ ನಿಂತಿತು. ಒಂದು ಎಲೆ ಅಲುಗಲಿಲ್ಲ. ಮರದ ಬುಡದಲ್ಲಿ ಒಂದು ಕಲ್ಲು, ಕಲ್ಲಿಗೆ ಕುಂಕುಮ, ಸುತ್ತ ಒಡೆದ ಕಾಯಿಯ ಚಿಪ್ಪು. ಇವರೊಬ್ಬರು ಒಡೆದಿದ್ದಕ್ಕಿಂತ ಜಾಸ್ತಿಯೇ ಇದ್ದವು.

"ಬೇರೆಯೋರೂ ಒಡೀತಾರಾ?"

"ನನ್ನ ಜೀಪು ನಿಂತಿದ್ದು ನೋಡಿ ಅವ್ರೂ ನಿಲ್ಲಿಸ್ತಾರೆ. ಯಾಕೆ ಬೇಕು ಸುಮ್ನೆ ಅಂತ."

ನನಗೂ ಯಾಕೆ ಬೇಕು ಅನ್ನಿಸಿತು. ಆದರೂ ಬಾನೆಟ್ ಎತ್ತಿ ಇಗ್ನಿಷನ್ ಕಾಯಿಲ್ ಮುಟ್ಟಿದೆ. ಬ್ಯಾಟರಿಯ ಸಣ್ಣ ಕರೆಂಟನ್ನು ಕಿಡಿಯಾಗುವಷ್ಟು ಜೋರು ಮಾಡುವ ಡಬ್ಬಿ ಅದು. ಕೈ ಇಡಲಾಗದಷ್ಟು ಸುಡುತ್ತಿತ್ತು. ಒಳಗಿನ ಸುತ್ತು ಹಳತಾಗಿದೆ, ಬಿಸಿಯಾದರೆ ಸಾಯುತ್ತದೆ, ತಣ್ಣಗಾದರೆ ಬದುಕುತ್ತದೆ. ಮನೆಯಿಂದ ಮರದವರೆಗೆ ಬರುವಷ್ಟರಲ್ಲಿ ಬಿಸಿ, ಕಾಯಿ ಒಡೆದು ಮುಗಿಸುವಷ್ಟರಲ್ಲಿ ತಣ್ಣಗೆ.

ಅವರು ನಂಬಲಿಲ್ಲ. ಹಾಗಾದರೆ ಇನ್ನೊಂದು ದಿಕ್ಕಿಗೆ ಹೊಡೀರಿ ಎಂದೆ. ಮನೆಗೆ ಹೋಗಿ, ಜೀಪು ತಣ್ಣಗಾದ ಮೇಲೆ ಎದುರು ದಿಕ್ಕಿಗೆ ಅಷ್ಟೇ ದೂರ ಹೊರಟೆವು. ಲೆಕ್ಕ ಹಾಕಿದ ಹಾಗೆ ಜೀಪು ನಿಂತಿತು. ಎದುರಿಗೆ ಒಂದು ಬಾರ್ ಅಂಡ್ ರೆಸ್ಟೋರೆಂಟು.

"ಈಗ ಹೇಳ್ರಿ, ಇಲ್ಲೂ ದೇವ್ರು ಐತಾ?"

ಕಂಟ್ರಾಕ್ಟರು ಬಾರಿನ ಬೋರ್ಡು ಓದಿಕೊಂಡರು. "ನಮ್ಮ ತಮ್ಮ ದಿನಾ ಇಲ್ಲೇ ನಿಲ್ತಾನೆ. ಅವ್ನಿಗೆ ಯಾವ ಕಾಯಿಲ್ ಹಾಕ್ಸಾಣ?"

ಹೊಸ ಕಾಯಿಲ್ ಹಾಕಿದೆ. ಜೀಪು ಮರ ದಾಟಿ ಓಡಿತು. ನಾಲ್ಕೇ ದಿನಕ್ಕೆ ಅವರು ಹಳೇ ಕಾಯಿಲ್ ಹುಡುಕಿಕೊಂಡು ಅಂಗಡಿಗೆ ಬಂದರು. ಬೇಕಂತಲೇ ನಿಲ್ಲಿಸದೆ ಹೋಗುತ್ತಾನೆ, ಸೊಕ್ಕು ಬಂದಿದೆ ಎಂದು ಉಳಿದ ಗಾಡಿಯವರು ಬೈಯುತ್ತಿದ್ದರಂತೆ.

೪. ಮೇಷ್ಟ್ರ ಅಂಬಾಸಿಡರ್

ಇದನ್ನು ಹೇಳಬೇಕೋ ಬೇಡವೋ ಎಂದು ಬಹಳ ಯೋಚನೆ ಮಾಡಿದೆ. ನನ್ನ ಹೆಸರು ಕೆಟ್ಟಿದ್ದೇ ಇಲ್ಲಿ.

ಬಿ.ದುರ್ಗ ಎಂಬ ಊರಿನಿಂದ ಒಬ್ಬರು ಫೋನ್ ಮಾಡಿದರು. ಅವರ ಅಣ್ಣ ಹೈಸ್ಕೂಲ್ ಮೇಷ್ಟ್ರಾಗಿದ್ದವರು, ತೀರಿಕೊಂಡು ಒಂದು ವರ್ಷವಾಗಿತ್ತು. ಅಣ್ಣನ ಅಂಬಾಸಿಡರ್ ಮನೆ ಪಕ್ಕದ ಗರಿಯ ಚಪ್ಪರದಲ್ಲಿ ನಿಂತಲ್ಲೇ ನಿಂತಿದೆ, ದಿನಾ ಮಧ್ಯಾಹ್ನ ಒಂದೂಕಾಲಿಗೆ ತಾನೇ ಎರಡು ಸಲ ಹಾರ್ನ್ ಹೊಡೆಯುತ್ತದೆ ಎಂದರು. ಮೇಷ್ಟ್ರು ಇದ್ದಾಗ ಸ್ಕೂಲಿನಿಂದ ಊಟಕ್ಕೆ ಬರುತ್ತಿದ್ದದ್ದು ಒಂದೂಕಾಲಿಗೆ. ಗೇಟಿನ ಹತ್ತಿರ ಎರಡು ಸಲ ಹಾರ್ನ್ ಹೊಡೆಯುತ್ತಿದ್ದರು.

ಹೋದೆ. ತಮ್ಮನೇ ಗೇಟಿಗೆ ಬಂದು ವಿಷಯ ಬಿಡಿಸಿ ಹೇಳಿದರು. "ಈ ಜಾಗದಾಗೆ ಟ್ರ್ಯಾಕ್ಟರ್ ನಿಲ್ಲಿಸ್ಬೇಕು. ಗುಜರಿಗೆ ಕೊಡಾಣ ಅಂದ್ರೆ ಇಬ್ರು ಬಂದೋರು ಹಾರ್ನ್ ಕೇಳಿ ಓಡಿಹೋದ್ರು. ಇವತ್ತು ಹೊಸದುರ್ಗದೋನು ಬರ್ತಾನೆ. ನೀವು ದೆವ್ವ ಇಲ್ಲ ಅಂದ್ರೆ ಮಾತ್ರ ಒಯ್ತೀನಿ ಅಂದಾನೆ. ಅದೊಂದು ಮಾತು ಹೇಳಿಬಿಡ್ರಿ, ಸಾಕು."

ಜೀವನದಲ್ಲಿ ಮೊದಲ ಸಲ, ದೆವ್ವ ಇಲ್ಲ ಎಂದರೆ ಕಾರು ಸಾಯುವ ಸ್ಥಿತಿ ಬಂದಿತ್ತು. ಬಾಗಿಲ ಮರೆಯಲ್ಲಿ ಮೇಷ್ಟ್ರ ಹೆಂಡತಿ ನಿಂತಿದ್ದರು.

ಕಾರು ಪಡುವಣ ಮುಖವಾಗಿ ನಿಂತಿತ್ತು. ಒಂದು ವರ್ಷ ಅಲುಗದ ಕಾರಿನ ಬ್ಯಾಟರಿ ಎಂದೋ ಸತ್ತಿರಬೇಕು ಎಂದುಕೊಂಡು ಮೀಟರ್ ಹಿಡಿದೆ. ಪೂರ್ತಿ ಚಾರ್ಜ್ ಇತ್ತು. ಟರ್ಮಿನಲ್‌ಗಳು ಹೊಳೆಯುತ್ತಿದ್ದವು, ಯಾರೋ ಆಗತಾನೆ ವ್ಯಾಸಲೀನ್ ಸವರಿದ ಹಾಗೆ. ವೈರು ಹಳತಾಗಿ ಹಾರ್ನ್ ಕೂಗುವುದು ನನಗೆ ಗೊತ್ತು. ಸತ್ತವರ ಬ್ಯಾಟರಿ ತಾನೇ ಚಾರ್ಜ್ ಆಗುವುದು ನನ್ನ ಸಿಲಬಸ್ಸಿನಲ್ಲಿ ಇರಲಿಲ್ಲ.

ಡ್ರೈವರ್ ಸೀಟಿನಲ್ಲಿ ಕೂರುವ ಧೈರ್ಯವಾಗದೆ ಪಕ್ಕದ ಸೀಟಿನಲ್ಲಿ ಕೂತೆ. ಒಂದು ಗಂಟೆ ದಾಟಿತು. ಬಿಸಿಲಿಗೆ ಊರೇ ಬಾಯಿ ಮುಚ್ಚಿತ್ತು. ಚಪ್ಪರದ ಗರಿಗಳ ನಡುವೆ ಒಂದು ಕಡೆ ಸಂದಿ ಇತ್ತು, ಅಲ್ಲಿಂದ ಮುಂದಿನ ಗಾಜಿನ ಮೂಲಕ ರೊಟ್ಟಿಯಷ್ಟಗಲ ಬಿಸಿಲು ಒಳಗೆ ಬಿದ್ದಿತ್ತು. ಅದು ನಿಧಾನಕ್ಕೆ ಡ್ಯಾಶ್‌ಬೋರ್ಡಿನಿಂದ ಇಳಿದು ಸ್ಟಿಯರಿಂಗಿನ ಕಡೆ ಜರುಗುತ್ತಿತ್ತು. ಅಂಗಳದಲ್ಲಿ ಮಲಗಿದ್ದ ನಾಯಿ ಎದ್ದು, ಮೈ ಮುರಿದು, ಕಾರಿನ ಹತ್ತಿರ ಬಂತು. ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಡ್ರೈವರ್ ಬಾಗಿಲ ಎದುರು ಕೂತು ಬಾಲ ಅಲ್ಲಾಡಿಸತೊಡಗಿತು.

ಬಿಸಿಲು ಸ್ಟಿಯರಿಂಗಿನ ನಡುವಿನ ಹಾರ್ನ್ ಬಟನ್ ಮೇಲೆ ಬಂತು. ಸ್ವಲ್ಪ ಹೊತ್ತಿಗೆ ಒಳಗೆಲ್ಲೋ ಟಿಕ್ ಎಂದಿತು. ಆಮೇಲೆ ಹಾರ್ನ್ ಕೂಗಿತು. ಒಂದು ಸಲ. ಇನ್ನೊಂದು ಸಲ.

ನಾನು ಕಾರಿನಿಂದ ಹೇಗೆ ಹೊರಗೆ ಬಂದೆನೋ ಗೊತ್ತಿಲ್ಲ. ಬಂದಾಗ ಒಂದು ಚಪ್ಪಲಿ ಒಳಗೇ ಇತ್ತು.

ಚಪ್ಪಲಿಯ ನೆಪದಲ್ಲಿ ಮತ್ತೆ ಒಳಗೆ ಹೋಗಿ ಬಟನ್ ಬಿಚ್ಚಿ ನೋಡಿದೆ. ಹಿತ್ತಾಳೆಯ ಪಟ್ಟಿಯೊಂದು ಸವೆದು ಸಡಿಲವಾಗಿತ್ತು. ಬಿಸಿಲಿಗೆ ಕಾದರೆ ಬಗ್ಗಿ ತಗುಲುತ್ತದೆ, ಹಾರ್ನ್ ಕೂಗಿದ ಅದುರಾಟಕ್ಕೆ ಬಿಡುತ್ತದೆ, ಇನ್ನೊಮ್ಮೆ ತಗುಲಿ ಬಿಡುತ್ತದೆ. ಬಿಸಿಲು ಸರಿದ ಮೇಲೆ ಸುಮ್ಮನೆ. ಎರಡು ನಿಮಿಷದ ಕೆಲಸ. ಪ್ಲಾಯರ್ ಕೈಗೆ ತೆಗೆದುಕೊಂಡೆ.

"ಅದನ್ನ ಮುಟ್ಟಬ್ಯಾಡ್ರಿ" ಎಂದು ಹಿಂದಿನಿಂದ ದನಿ ಬಂತು. ಮೇಷ್ಟ್ರ ಹೆಂಡತಿ. ಕೈಯಲ್ಲಿ ತೆಂಗಿನ ಗರಿ ಎಳೆಯುವ ದೋಟಿ ಇತ್ತು. ಮೈದುನ ಹೊಸದುರ್ಗದವನನ್ನು ಕರೆತರಲು ರಸ್ತೆಗೆ ಹೋಗಿದ್ದರು.

"ಅಮ್ಮ, ಇದು ಬಿಸಿಲಿಗೆ ಆಗೋದು" ಎಂದೆ.

"ಗೊತ್ತೈತಪ್ಪ. ಮೋಡ ಇದ್ದ ದಿನ ಕೂಗ್ಲಿಲ್ಲ, ಅವತ್ತೇ ಗೊತ್ತಾತು. ಸೂರ್ಯ ಸರಿದಂಗೆ ನಾನೂ ಹದಿನೈದು ದಿನಕ್ಕೊಂದ್ಸಲ ಗರಿ ಸರಿಸ್ತೀನಿ. ಬ್ಯಾಟರಿ ಚಾರ್ಜರು ಅಡಿಗೆಮನ್ಯಾಗೆ ಮಿಕ್ಸಿ ಪಕ್ಕ ಐತೆ. ಹಾರ್ನ್ ಆದ ಮೇಲೇ ನಾನು ಊಟಕ್ಕೆ ಕೂರೋದು. ಕಾರು ಹೋದ್ರೆ ನನಗೆ ಒಂದೂಕಾಲು ಅನ್ನೋದೇ ಇರಾಂಗಿಲ್ಲ."

ಪ್ಲಾಯರ್ ಜೇಬಿಗೆ ಹಾಕಿದೆ. ಅಷ್ಟರಲ್ಲಿ ಮಿನಿ ಲಾರಿ ಬಂದು ಗೇಟಿನ ಹತ್ತಿರ ನಿಂತಿತು, ಮೈದುನ ಇಳಿದರು. ಗುಜರಿಯವನು ಇಳಿಯದೆ ಕಿಟಕಿಯಿಂದಲೇ ಕೇಳಿದ.

"ಏನ್ರಿ, ಐತೋ ಇಲ್ಲೋ? ನೀವು ಹೇಳಿದಂಗೆ."

ಬಟನ್ ಅನ್ನು ಮೊದಲು ಇದ್ದ ಹಾಗೇ ಕೂರಿಸಿದೆ. ಒಳಗಿನ ಚಪ್ಪಲಿ ಮರೆತು, ಒಂಟಿ ಚಪ್ಪಲಿಯಲ್ಲೇ ಗೇಟಿನವರೆಗೆ ಹೋದೆ.

"ಇಷ್ಟು ವರ್ಷ ಎಲ್ಲಾ ಕಡೆ ಇಲ್ಲ ಅಂದಿದೀನಿ. ಇಲ್ಲಿ ಐತೆ. ಮೇಷ್ಟ್ರೇ. ನಾನು ಪಕ್ಕದ ಸೀಟಿನಾಗೇ ಕುಂತಿದ್ದೆ."

ಲಾರಿ ರಿವರ್ಸ್ ಹೋದ ವೇಗಕ್ಕೆ ಎದ್ದ ಧೂಳು ಕೂರಲು ಐದು ನಿಮಿಷ ಬೇಕಾಯಿತು. ಮೈದುನ ಕಂಬದ ಹಾಗೆ ನಿಂತಿದ್ದರು.

"ಎಲ್ಲಾದ್ರೂ ದೂರ ತಳ್ಳಿ ಬರಾಣ್ವ?" ಎಂದು ಪಿಸುಗುಟ್ಟಿದರು.

"ತಳ್ಳಬೋದು. ಆದ್ರೆ ಕಾರು ಇಲ್ಲ ಅಂದ್ರೆ ಮೇಷ್ಟ್ರು ಎಲ್ಲಿ ಕುಂತ್ಕಬೇಕು? ಸೀದಾ ಮನೆ ಒಳಗೇ ಬರ್ತಾರೆ. ಇಲ್ಲಾಂದ್ರೆ ನಿಮ್ಮ ಟ್ರ್ಯಾಕ್ಟರ್ ಹತ್ತುತಾರೆ."

ಅವರು ಅವತ್ತೇ ಟ್ರ್ಯಾಕ್ಟರನ್ನು ಊರಾಚೆಯ ಕಣಕ್ಕೆ ಒಯ್ದು ನಿಲ್ಲಿಸಿದರು. ಮೈದುನ ಅತ್ತ ಹೋದ ಮೇಲೆ ಮೇಷ್ಟ್ರ ಹೆಂಡತಿ ನನ್ನನ್ನು ಒಳಗೆ ಕೂರಿಸಿ ಮುದ್ದೆ ಬಡಿಸಿದರು. ನನಗೆ ಒಂದು ಸಂಶಯ ಉಳಿದಿತ್ತು, ಕೇಳಿಯೇಬಿಟ್ಟೆ.

"ಎಲ್ಲಾ ಗೊತ್ತಿದ್ದೂ ಹಾರ್ನ್ ಆದ ಮೇಲೇ ಊಟಕ್ಕೆ ಕೂರ್ತೀರಲ್ಲ ಅಮ್ಮ. ಅದು ಮೇಷ್ಟ್ರಲ್ಲ, ಬಿಸಿಲು."

ಅವರು ನನ್ನ ತಟ್ಟೆಗೆ ಒಂದು ಸೌಟು ಸಾರು ಬಿಟ್ಟರು.

"ಅವ್ರು ಇದ್ದಾಗ್ಲೂ, ಹೊಡೆಯೋರು ಅವ್ರೇನಾ ಅಂತ ನಾನು ಯಾವತ್ತು ಹೊರಗೆ ಬಂದು ನೋಡಿದ್ದೆ? ಹಾರ್ನ್ ಕೇಳಿದ್ರೆ ಮುದ್ದೆ ಕಟ್ತಿದ್ದೆ, ಅಷ್ಟೇ."

"ಮತ್ತೆ ಮೋಡ ಇದ್ದ ದಿನ?"

"ಬೈಕಂಡು ಕಾಯ್ತೀನಿ. ಆಗ್ಲೂ ವಾರಕ್ಕೊಂದ್ಸಲ ಸ್ಟಾಫ್ ಮೀಟಿಂಗ್ ಅಂತ ತಡ ಮಾಡ್ತಿದ್ರು."